ಸೋಲಿನ ಕಾರಣಮೀಮಾಂಸೆ

೨೦೨೬ನೆಯ ಇಸವಿಯ ಫೆಬ್ರುವರಿ ತಿಂಗಳ ೨೪ನೆಯ ತಾರೀಖಿನಿಂದ ೨೮ರ ವರೆಗೆ ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ ರಣಜಿ ಪಾರಿತೋಷಕದ ಅಂತಿಮ ಪಂದ್ಯವು ಜರುಗಿ, ಕರ್ನಾಟಕದ ತಂಡವು ಜಮ್ಮು-ಕಾಶ್ಮೀರದ ತಂಡಕ್ಕೆ ಸೋತಿತಷ್ಟೆ. ಆಟವು ಐದು ದಿನಗಳಲ್ಲಿ ಮುಗಿಯಿತು. ಆಟದ ಮೇಲಿನ ವಾದವು ಮಾತ್ರ ಅಷ್ಟು ಬೇಗ ಮುಗಿಯುವ ಜಾತಿಯದಲ್ಲ. ಕ್ರಿಕೆಟ್ಟಿನ ವಿಷಯಕ್ಕೂ ಈ ಅಂಕಣಕ್ಕೂ ಏನು ಸಂಬಂಧವೆಂದು ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಆಟದ ಸೂಕ್ಷ್ಮಗಳನ್ನು ವಿವರಿಸುವದು ನನ್ನ ಉದ್ದೇಶವಲ್ಲ; ಅದಕ್ಕೆ ಬೇರೆ ಪತ್ರಿಕೆಗಳೂ ಬೇರೆ ಪಂಡಿತರೂ ಇದ್ದಾರೆ. ಒಂದು ಊರಿಗೆ ಊರೇ ಕೂಡಿ ಒಂದು ಸೋಲಿಗೆ ಕಾರಣವನ್ನು ಹುಡುಕುವ ಬಗೆಯು ಹೇಗಿರುತ್ತದೆಂಬದನ್ನು ಹತ್ತಿರದಿಂದ ನೋಡುವ ಸಂದರ್ಭವು ಒದಗಿತು. ನಾಲ್ವತ್ತು ವರುಷ ಹುಡುಗರಿಗೆ ವ್ಯಾಕರಣವನ್ನೂ ಸ್ವಲ್ಪ ತರ್ಕವನ್ನೂ ಹೇಳಿದವನಿಗೆ ಅದು ಸುಮ್ಮನೆ ಬಿಟ್ಟುಬಿಡುವಂಥ ವಿಷಯವೆನಿಸಲಿಲ್ಲ.

ದುರ್ಗದಬೈಲಿನಲ್ಲಿ ಮಿರ್ಚಿ ಕರಿಯುವ ಬಂಡಿಯ ಮುಂದೆ ನಿಂತವರಾಗಲಿ, ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನಲ್ಲಿ ಕಂಬ ಹಿಡಿದು ತೂಗಾಡುವವರಾಗಲಿ, ಆ ವಾರದಲ್ಲಿ ಎಲ್ಲರೂ ಒಂದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರು. "ನಾಣ್ಯ ಅವರ ಕಡೆ ಬಿತ್ತು, ಅಲ್ಲಿಗೇ ಮುಗೀತ್ರೀ" ಎಂದು ಒಬ್ಬರು. "ಪಿಚ್ಚು ಹಿಂಗ ಮಾಡಿಟ್ರ ಯಾಂವ ಬಂದರೂ ಐನೂರು ಹೊಡೀತಾನ" ಎಂದು ಇನ್ನೊಬ್ಬರು. ನಾಯಕನನ್ನು ಬದಲಿಸಬಾರದಾಗಿತ್ತೆಂದು ಒಬ್ಬ ವಕೀಲರು. ಬದಲಿಸಿದ್ದು ತಡವಾಯಿತೆಂದು ಅವರ ಜತೆಯ ಇನ್ನೊಬ್ಬ ವಕೀಲರು. ಊರಿನವರ ಮುಂದೆ ಆಡಬೇಕಾಗಿ ಬಂದದ್ದೇ ಭಾರವಾಯಿತೆಂದು ಕಾಲೇಜಿನ ಒಬ್ಬ ತರುಣನು ಗಂಭೀರವಾಗಿ ಹೇಳಿದನು. ಅದೇ ತರುಣನು ಪಂದ್ಯದ ಹಿಂದಿನ ದಿನ, ಊರಿನವರ ಮುಂದೆ ಆಡುವದೇ ನಮ್ಮ ಬಲವೆಂದು ಅಷ್ಟೇ ಗಂಭೀರವಾಗಿ ಹೇಳಿದ್ದನು. ಆತನ ಮಾತಿನಲ್ಲಿ ಕಪಟವಿರಲಿಲ್ಲ. ಫಲವು ಗೊತ್ತಾದ ಮೇಲೆ ಅದೇ ಸಂಗತಿಯು ಬೇರೆ ಮುಖವನ್ನು ತೋರಿಸಿತು, ಅಷ್ಟೆ.

ಆಟವನ್ನು ಅನುಸರಿಸದ ಗೃಹಿಣಿಯರಿಗೂ ಹಿರಿಯರಿಗೂ ನಡೆದ ಸಂಗತಿಯನ್ನು ಎರಡು ಮಾತಿನಲ್ಲಿ ತಿಳಿಸಿಬಿಡುತ್ತೇನೆ. ಈ ಆಟದಲ್ಲಿ ಒಂದೊಂದು ತಂಡಕ್ಕೆ ಎರಡೆರಡು ಸರದಿ. ಐದು ದಿನಗಳೊಳಗೆ ಎರಡೂ ಕಡೆಯ ಸರದಿಗಳು ಮುಗಿದು ಜಯಾಪಜಯವು ನಿರ್ಣಯವಾಗದಿದ್ದರೆ, ಮೊದಲನೆಯ ಸರದಿಯಲ್ಲಿ ಹೆಚ್ಚು ಓಟ ಗಳಿಸಿದವರಿಗೆ ಪಾರಿತೋಷಕವು ಸಲ್ಲತಕ್ಕದ್ದು. ಅತಿಥಿಗಳು ಮೊದಲು ದಾಂಡು ಹಿಡಿದು, ಎರಡು ದಿನ ಪೂರ್ತಿ ಆಡಿ, ಮೂರನೆಯ ದಿನಕ್ಕೂ ಕಾಲಿಟ್ಟು, ೫೮೪ ಓಟಗಳನ್ನು ಕೂಡಿಹಾಕಿದರು. ಪ್ರಸಿದ್ಧ ಕೃಷ್ಣ ಅವರು ಐದು ವಿಕೆಟ್ಟುಗಳನ್ನು ಕಿತ್ತರು, ಕಿತ್ತದ್ದು ಸಾಕಾಗಲಿಲ್ಲ. ಉತ್ತರವಾಗಿ ನಮ್ಮವರು ಗಳಿಸಿದ್ದು ೨೯೩. ಅಂತರವು ೨೯೧. ಆಮೇಲೆ ಅವರು ಎರಡನೆಯ ಸರದಿಯಲ್ಲಿ ನಾಲ್ಕೇ ವಿಕೆಟ್ಟು ಕಳೆದುಕೊಂಡು ೩೪೨ ಮಾಡಿದರು. ಕಮ್ರಾನ್ ಇಕ್ಬಾಲರ ೧೬೦, ಸಾಹಿಲ್ ಲೋತ್ರಾ ಅವರ ೧೦೧, ಇಬ್ಬರೂ ಔಟಾಗದೆ ಉಳಿದರು. ಕರ್ನಾಟಕಕ್ಕೆ ಒಂಬತ್ತನೆಯ ಸಲ ದೊರೆಯಬೇಕಾಗಿದ್ದ ಪಾರಿತೋಷಕವು ಜಮ್ಮು-ಕಾಶ್ಮೀರಕ್ಕೆ ಮೊದಲನೆಯ ಸಲ ದೊರೆಯಿತು. ೧೯೫೯-೬೦ರಿಂದ ಆ ಪ್ರಾಂತದವರು ಈ ಸ್ಪರ್ಧೆಯಲ್ಲಿ ಆಡುತ್ತ ಬಂದಿದ್ದರೆಂಬದನ್ನು ನೆನೆದರೆ, ಅವರು ಕಾದ ಕಾಲವು ಒಬ್ಬ ಮನುಷ್ಯನ ಪೂರ್ಣ ಆಯುಷ್ಯಕ್ಕೆ ಹತ್ತಿರವಾದದ್ದು.

ಸೋತವರ ಕಡೆಯವರು ಕುಳಿತು ಕಾರಣಗಳನ್ನು ಎಣಿಸುವ ಪದ್ಧತಿಯು ಇಂದಿನದಲ್ಲ. ಮಹಾಭಾರತದ ಆದಿಪರ್ವದಲ್ಲಿಯೇ, ಯುದ್ಧವೆಲ್ಲ ಮುಗಿದ ತರುವಾಯ, ಧೃತರಾಷ್ಟ್ರನು ಸಂಜಯನ ಮುಂದೆ ಒಂದು ದೀರ್ಘವಾದ ಪಟ್ಟಿಯನ್ನು ಒಪ್ಪಿಸುತ್ತಾನೆ. ಇಂಥದನ್ನು ಕೇಳಿದಾಗಲೇ ನನಗೆ ಗೆಲುವಿನ ಆಶೆ ಹೋಯಿತು, ಅಂಥದನ್ನು ಕೇಳಿದಾಗಲೇ ಹೋಯಿತು ಎಂದು ಶ್ಲೋಕದ ಮೇಲೆ ಶ್ಲೋಕ. ಅವನ ಪಟ್ಟಿಯು ಕುರುಕ್ಷೇತ್ರದಿಂದ ಪ್ರಾರಂಭವಾಗುವದಿಲ್ಲ. ದ್ರೌಪದಿಯ ಸ್ವಯಂವರದಲ್ಲಿ ಅರ್ಜುನನು ಬಿಲ್ಲನ್ನು ಬಗ್ಗಿಸಿದ ದಿನದಿಂದ ಪ್ರಾರಂಭವಾಗುತ್ತದೆ. ಅಷ್ಟು ಹಿಂದಿನಿಂದಲೇ ಆಶೆಯು ಹೋಗಿದ್ದರೆ ಮಗನನ್ನು ಯುದ್ಧಕ್ಕೆ ಕಳಿಸಿದ್ದೇಕೆಂದು ಕೇಳಲು ಸಂಜಯನಿಗೆ ಬಾಯಿ ಬರಲಿಲ್ಲವೆಂದು ತೋರುತ್ತದೆ. ಕಣ್ಣಿನಿಂದ ಕಾಣದೆ, ಇನ್ನೊಬ್ಬನ ಬಾಯಿಂದ ರಣರಂಗದ ವೃತ್ತಾಂತವನ್ನು ಕ್ಷಣಕ್ಷಣಕ್ಕೆ ಕೇಳಿದ ಆ ಅರಸನು, ರೇಡಿಯೋದ ಮುಂದೆ ಕುಳಿತು ಪಂದ್ಯದ ವಿವರಣೆಯನ್ನು ಕೇಳುತ್ತಿದ್ದ ನಮ್ಮ ಹಿಂದಿನ ತಲೆಮಾರಿನ ಅಭಿಮಾನಿಗಳಿಗೆ ಮೂಲಪುರುಷನೆಂದರೆ ಅತಿಶಯವಾಗಲಾರದು. ಅವನ ಪಟ್ಟಿಯಲ್ಲಿ ಒಂದು ವಿಶೇಷವುಂಟು. ಅದರಲ್ಲಿರುವದೆಲ್ಲವೂ ಅವನು ಕೇಳಿದ ಸಂಗತಿ. ಅವನು ಮಾಡಬಹುದಾಗಿದ್ದು ಮಾಡದೆ ಬಿಟ್ಟದ್ದಕ್ಕೆ ಆ ಎಣಿಕೆಯಲ್ಲಿ ಸ್ಥಳವಿಲ್ಲ.

ನಮ್ಮ ನೈಯಾಯಿಕರು ಈ ಕಾರಣದ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನವರು. ಕಾರ್ಯಕ್ಕೆ ಮೊದಲು ಇದ್ದದ್ದೆಲ್ಲ ಕಾರಣವಲ್ಲ; ನಿಯಮದಿಂದ ಮೊದಲು ಇರಬೇಕು, ಮತ್ತು ಅದಿಲ್ಲದಿದ್ದರೂ ಕಾರ್ಯವು ಸಿದ್ಧಿಸುವಂತಿರಬಾರದು. ಹಾಗೆ ಅದಿಲ್ಲದೆಯೂ ಸಿದ್ಧಿಸುವಂತಿದ್ದರೆ ಅದಕ್ಕೆ ಅನ್ಯಥಾಸಿದ್ಧವೆಂದು ಹೆಸರು. ಗಡಿಗೆಯ ಉದಾಹರಣೆಯನ್ನು ಕೊಟ್ಟು ಅವರು ಇದನ್ನು ವಿವರಿಸುತ್ತಾರೆ. ಕುಂಬಾರನು ಕಾರಣ, ಅವನ ತಿಗುರಿಯನ್ನು ತಿರುಗಿಸುವ ಕೋಲು ಕಾರಣ. ಆದರೆ ಆ ಕೋಲಿನ ಬಣ್ಣವು ಕಾರಣವಲ್ಲ. ಕುಂಬಾರನಿಗೆ ಜನ್ಮ ಕೊಟ್ಟ ತಂದೆಯೂ ಗಡಿಗೆಗೆ ಕಾರಣವಲ್ಲ. ಆಕಾಶವು ಎಲ್ಲದಕ್ಕೂ ಮೊದಲೇ ಇದ್ದರೂ ಗಡಿಗೆಯ ಲೆಕ್ಕಕ್ಕೆ ಬರುವದಿಲ್ಲ. ಕೊನೆಗೆ, ಮಣ್ಣನ್ನು ಹೊತ್ತು ತಂದ ಕತ್ತೆಯು ಗಡಿಗೆಯ ಪಕ್ಕದಲ್ಲಿಯೇ ನಿಂತಿದ್ದರೂ ಅದು ಕಾರಣವಲ್ಲ. ಮಣ್ಣು ತಲೆಯ ಮೇಲೆ ಬಂದಿದ್ದರೂ ಗಡಿಗೆಯು ಆಗುತ್ತಿತ್ತು. ಪಾಠ ಹೇಳುವಾಗ ಈ ಕತ್ತೆಯ ಹತ್ತಿರ ಬಂದೊಡನೆ ಹುಡುಗರು ನಗುತ್ತಿದ್ದರು. ನಕ್ಕವರಿಗೆ ಅದು ನೆನಪಿನಲ್ಲಿ ಉಳಿಯುತ್ತಿತ್ತೆಂದು ನಾನೂ ನಗಗೊಡುತ್ತಿದ್ದೆನು.

ಈ ಪಂದ್ಯದ ಮೇಲಿನ ಚರ್ಚೆಯಲ್ಲಿ ಕುಂಬಾರನ ತಂದೆಯು ಎಷ್ಟು ಸಲ ಬಂದು ಹೋದನೆಂಬದನ್ನು ಎಣಿಸಿದವರಿಲ್ಲ. ಆಯ್ಕೆ ಮಾಡುವವರನ್ನು ಆಯ್ಕೆ ಮಾಡುವವರು ಸರಿಯಿಲ್ಲವೆಂಬ ಮಾತು ಅವನೇ. ಹಿಂದಿನವರ ಕಾಲದಲ್ಲಿ ಹೀಗಿರಲಿಲ್ಲವೆಂಬ ಮಾತೂ ಅವನೇ. ಆಡಿದ ನೆಲವು ಇಬ್ಬರಿಗೂ ಒಂದೇ ಆಗಿತ್ತು. ಅದರ ಮೇಲೆಯೇ ಒಬ್ಬರು ೫೮೪ ಮಾಡಿದರು, ಇನ್ನೊಬ್ಬರು ೨೯೩ ಮಾಡಿದರು. ನಾಣ್ಯದ ಮಾತಿಗೆ ಸ್ವಲ್ಪ ಬೆಲೆ ಕೊಡಬೇಕು. ಐದು ದಿನದ ಆಟದಲ್ಲಿ ಹೊಸ ನೆಲದ ಮೇಲೆ ಮೊದಲು ಆಡುವವರಿಗೆ ಅನುಕೂಲವುಂಟೆಂಬದು ಸುಳ್ಳಲ್ಲ. ಆದರೆ ನಾಣ್ಯವು ದಾಂಡನ್ನು ಕೈಯಲ್ಲಿ ಕೊಡುತ್ತದೆಯೇ ಹೊರತು ಎರಡು ದಿನ ನಿಂತು ಆಡಿಸಿಕೊಡುವದಿಲ್ಲ. ನಾಣ್ಯವನ್ನು ಗೆದ್ದು ಮಧ್ಯಾಹ್ನಕ್ಕೆ ಮನೆಗೆ ಹೋದ ತಂಡಗಳೂ ಬೇಕಾದಷ್ಟಿವೆ.

ಕಾರಣಗಳ ಚರ್ಚೆಯು ಎಲ್ಲಿ ನಿಜವಾಗಿ ಕಠಿಣವಾಗುತ್ತದೆಂಬದಕ್ಕೆ ಬೇರೊಂದು ಸೋಲಿನ ಕಡೆಗೆ ತಿರುಗಬೇಕು. ೨೦೧೦ರ ಜನವರಿಯಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಮೈದಾನದಲ್ಲಿ ಇದೇ ಸ್ಪರ್ಧೆಯ ಅಂತಿಮ ಪಂದ್ಯವು ಕರ್ನಾಟಕಕ್ಕೂ ಮುಂಬಯಿಗೂ ನಡೆಯಿತು. ಮುಂಬಯಿಯವರು ೨೩೩ ಮತ್ತು ೨೩೪. ನಮ್ಮವರು ಮೊದಲ ಸರದಿಯಲ್ಲಿ ಬರೇ ೧೩೦. ಗೆಲ್ಲಲು ೩೩೮ ಬೇಕಾಗಿತ್ತು. ಮೂರು ವಿಕೆಟ್ಟು ಬೇಗನೆ ಬಿದ್ದವು. ಆಗ ಮನೀಷ ಪಾಂಡೆ ಮತ್ತು ಗಣೇಶ ಸತೀಶ ಎಂಬ ಇಬ್ಬರು ತರುಣರು ಕೂಡಿ ೨೦೯ ಓಟಗಳನ್ನು ಸೇರಿಸಿದರು. ಪಾಂಡೆಯವರು ೧೪೪ ಗಳಿಸಿದರು. ಪಾರಿತೋಷಕವು ಮೈಸೂರಿನಲ್ಲಿಯೇ ಉಳಿಯುವದೆಂದು ಜನರು ಕುಣಿಯತೊಡಗಿದ ಹೊತ್ತಿನಲ್ಲಿ ಅಜಿತ ಅಗರಕರರು ಹಳೆಯ ಅನುಭವವನ್ನೆಲ್ಲ ಚೆಂಡಿನಲ್ಲಿ ತುಂಬಿ ಐದು ವಿಕೆಟ್ಟು ಕಿತ್ತರು. ಕರ್ನಾಟಕವು ೩೩೧ಕ್ಕೆ ನಿಂತಿತು. ಸೋಲು ಆರು ಓಟಗಳಿಂದ.

ಆರು ಓಟವೆಂದರೆ ಏನು? ಒಂದೇ ಒಂದು ಒಳ್ಳೆಯ ಹೊಡೆತ. ಗಡಿಯ ಹತ್ತಿರ ಕಾಲಿನಿಂದ ತಡೆದ ಒಂದು ಚೆಂಡು, ಓಡಬಹುದಾಗಿದ್ದೂ ಓಡದೆ ಬಿಟ್ಟ ಒಂದೊಂದು ಓಟ, ಎದುರಾಳಿಗೆ ಉಚಿತವಾಗಿ ಕೊಟ್ಟ ಎರಡು ವೈಡು. ಇವುಗಳಲ್ಲಿ ಯಾವದನ್ನು ತೆಗೆದುಕೊಂಡರೂ ಅದು ಕಾರಣವಾಗಬಲ್ಲದು. ಆರು ಓಟದ ಸೋಲಿನಲ್ಲಿ ಕತ್ತೆಗೂ ಒಂದು ಪಾಲು ಸಿಕ್ಕೀತು! ಆದುದರಿಂದಲೇ ಮೈಸೂರಿನ ಆ ಸೋಲಿನ ಬಗೆಗೆ ಇಂದಿಗೂ ಇಬ್ಬರು ಕೂಡಿದರೆ ಮೂರು ಅಭಿಪ್ರಾಯಗಳು ಹುಟ್ಟುತ್ತವೆ, ಮತ್ತು ಮೂರೂ ನಿಜವಾಗಿರುತ್ತವೆ. ಆ ಸೋಲು ಇನ್ನೂ ಚುಚ್ಚುವದಕ್ಕೂ ಇದೇ ಹೇತು. ಕೈಗೆ ಎಟುಕಿದ್ದ ಹಣ್ಣು ಅದು.

ಹುಬ್ಬಳ್ಳಿಯ ಸೋಲು ಆ ಜಾತಿಯದಲ್ಲ. ೨೯೧ ಓಟಗಳ ಅಂತರದಲ್ಲಿ ಒಂದು ಕೈತಪ್ಪಿದ ಚೆಂಡನ್ನು ಹಿಡಿದುಬಿಟ್ಟಿದ್ದರೂ, ಒಂದು ತೀರ್ಪು ನಮ್ಮ ಕಡೆಗೆ ಆಗಿದ್ದರೂ, ಅಂತರವು ೨೬೦ ಆಗುತ್ತಿತ್ತು, ಬಹಳವೆಂದರೆ ೨೨೦. ಮೈಸೂರಿನ ಸೋಲಿಗೆ ತಕ್ಕ ಸಣ್ಣ ಕಾರಣಗಳನ್ನು ತಂದು ಹುಬ್ಬಳ್ಳಿಯ ಸೋಲಿಗೆ ಹೊಂದಿಸಲು ಹೊರಟದ್ದೇ ನಮ್ಮ ಮಿರ್ಚಿ-ಬಂಡಿಯ ಮೀಮಾಂಸಕರ ಮುಖ್ಯ ದೋಷವೆಂದು ನನ್ನ ಅಭಿಪ್ರಾಯ. ಕೂಸಿನ ಅಂಗಿಯನ್ನು ಪೈಲವಾನನಿಗೆ ತೊಡಿಸಿದಂತೆ, ಅದು ಎಲ್ಲಿಯೂ ಕೂಡ್ರುವದಿಲ್ಲ. ಕಾರಣವು ಕಾರ್ಯದ ಅಳತೆಗೆ ಇರಬೇಕು.

ಹಾಗಾದರೆ ಆ ಅಳತೆಯ ಕಾರಣವು ಯಾವದು? ಅಂಕಗಳ ಪಟ್ಟಿಯೇ ಅದನ್ನು ತಾನಾಗಿ ಹೇಳುತ್ತದೆ. ಓದುವ ತಾಳ್ಮೆ ಬೇಕು. ನಮ್ಮ ೨೯೩ರಲ್ಲಿ ಮಯಾಂಕ ಅಗರವಾಲರೊಬ್ಬರ ಪಾಲು ೧೬೦. ಉಳಿದ ಹತ್ತು ಜನರೂ, ಎದುರಾಳಿಗಳು ಕೊಟ್ಟ ಹೆಚ್ಚಿನ ಓಟಗಳೂ ಸೇರಿ ೧೩೩. ಭಾರತದ ಪರವಾಗಿ ಆಡಿ ಹೆಸರು ಗಳಿಸಿದ ಕೆ. ಎಲ್. ರಾಹುಲ್, ಕರುಣ ನಾಯರ, ನಾಯಕರಾದ ದೇವದತ್ತ ಪಡಿಕ್ಕಲ್ ಇವರೆಲ್ಲರೂ ಅದೇ ೧೩೩ರಲ್ಲಿ ಅಡಕವಾಗಿದ್ದಾರೆ. ೨೦೧೫ರ ಮಾರ್ಚಿಯಲ್ಲಿ ಮುಂಬಯಿಯ ಮೈದಾನದಲ್ಲಿ ತಮಿಳುನಾಡಿನ ವಿರುದ್ಧ ಇದೇ ಕರುಣ ನಾಯರರು ೩೨೮ ಓಟ ಗಳಿಸಿ ನಮಗೆ ಎಂಟನೆಯ ಪಾರಿತೋಷಕವನ್ನು ತಂದುಕೊಟ್ಟಿದ್ದರೆಂಬದನ್ನು ಮರೆತವರಿಲ್ಲ. ಹನ್ನೊಂದು ವರುಷಗಳ ಮೇಲೆಯೂ ಅದೇ ನಡೆಯಬೇಕೆಂದು ಊರು ನಿರೀಕ್ಷಿಸಿತು. ಇನ್ನು ಅತಿಥಿಗಳ ೫೮೪ನ್ನು ಬಿಡಿಸಿ ನೋಡಿರಿ. ಅದರಲ್ಲಿ ಶತಕವು ಒಂದೇ, ಶುಭಂ ಪುಂಡೀರ ಅವರ ೧೨೧. ಆದರೆ ಐವತ್ತನ್ನು ದಾಟಿದ ಬೇರೆ ದಾಂಡಿಗರು ಐವರಿದ್ದರು. ಅವರಲ್ಲಿ ಯಾರ ಹೆಸರೂ ನಮ್ಮ ಬಸ್ಸುಗಳಲ್ಲಿ ಪಂದ್ಯಕ್ಕೆ ಮೊದಲು ಕೇಳಿಬಂದಿರಲಿಲ್ಲ. ಒಂದು ಕಡೆ ಒಂದೇ ಎತ್ತರದ ಕಂಬ, ಇನ್ನೊಂದು ಕಡೆ ಮೊಣಕಾಲೆತ್ತರದ ಗಟ್ಟಿ ಗೋಡೆ. ಮಾಳಿಗೆಯನ್ನು ಯಾವದು ಹೊತ್ತೀತೆಂಬದನ್ನು ಗೌಂಡಿಯನ್ನು ಕೇಳಿದರೂ ಹೇಳುತ್ತಾನೆ.

ಇನ್ನೊಂದು ಕಾರಣಕ್ಕೆ ಹೆಸರೂ ಊರೂ ಉಂಟು. ಬಾರಾಮುಲ್ಲಾ ಕಡೆಯ ಆಕಿಬ್ ನಬಿ ಎಂಬ ವೇಗದ ಚೆಂಡೆಸೆತಗಾರರು ನಮ್ಮ ಮೊದಲ ಸರದಿಯಲ್ಲಿ ೫೪ ಓಟ ಕೊಟ್ಟು ಐವರನ್ನು ಔಟು ಮಾಡಿದರು. ಬೇರೆಯವರು ನೂರು ಕೊಟ್ಟು ಮೂರು ಕಿತ್ತ ನೆಲವದು. ನಮ್ಮ ಅಭಿಮಾನಿಗಳ ಮಾತಿನಲ್ಲಿ ಈ ಒಂದು ಸಂಗತಿಗೆ ಸಿಕ್ಕ ಸ್ಥಳವು ಬಹಳ ಕಡಿಮೆ. ನಮ್ಮವರು ಹೇಗೆ ಸೋತರೆಂದು ಎಲ್ಲರೂ ಕೇಳಿದರು. ಅವರು ಹೇಗೆ ಗೆದ್ದರೆಂದು ಕೇಳಿದವರನ್ನು ಬೆರಳಿನಿಂದ ಎಣಿಸಬಹುದು. ಕುಸ್ತಿಯಲ್ಲಿ ಒಬ್ಬನೇ ಬೀಳುವದಿಲ್ಲ, ಬೀಳಿಸುವವನೊಬ್ಬನು ಇರುತ್ತಾನೆಂಬದನ್ನು ಸೋತವರ ಓಣಿಯಲ್ಲಿ ಹೇಳಿದರೆ ಹೇಳಿದವನ ಕಡೆಗೆ ಸಂಶಯದಿಂದ ನೋಡುತ್ತಾರೆ. ಧೃತರಾಷ್ಟ್ರನಾದರೂ ಬಿಲ್ಲನ್ನು ಬಗ್ಗಿಸಿದವನು ಅರ್ಜುನನೆಂದು ಒಪ್ಪಿಕೊಂಡಿದ್ದನು.

ನಿಯಮವನ್ನು ಹಳಿದವರೂ ಉಂಟು. ಎರಡನೆಯ ಸರದಿಯು ಪೂರ್ತಿಯಾಗದೆ, ಮೊದಲ ಸರದಿಯ ಮುನ್ನಡೆಯಿಂದ ಪಾರಿತೋಷಕವನ್ನು ಕೊಡುವದು ಯಾವ ನ್ಯಾಯ ಎಂದು ಅವರ ವಾದ. ಮುನ್ನಡೆಯು ಅಷ್ಟಿದ್ದೂ ನಮ್ಮನ್ನು ತಿರುಗಿ ದಾಂಡು ಹಿಡಿಯಲು ಕರೆಯದೆ ತಾವೇ ಮತ್ತೆ ಆಡಿದ್ದು ಹೇಡಿತನವೆಂದೂ ಸೇರಿಸಿದರು. ಅತಿಥಿಗಳ ನಾಯಕರಾದ ಪಾರಸ ಡೋಗ್ರಾ ಅವರು ನಾಲ್ವತ್ತು ದಾಟಿದವರು, ಮೂಲತಃ ಹಿಮಾಚಲದವರು, ಬೇರೆಬೇರೆ ಕಡೆ ಆಡಿ ಪಳಗಿದ ಮನುಷ್ಯರು. ಬುತ್ತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡ ಮೇಲೆ ಜಾತ್ರೆಯ ನೂಕುನುಗ್ಗಲಿನಲ್ಲಿ ಏಕೆ ನುಗ್ಗಬೇಕು? ನಾನು ಅವರ ಸ್ಥಾನದಲ್ಲಿದ್ದರೂ ಹಾಗೆಯೇ ಮಾಡುತ್ತಿದ್ದೆನು. ಇನ್ನು ನಿಯಮದ ಮಾತು. ೧೯೭೪ರಲ್ಲಿ ಬೆಂಗಳೂರಿನಲ್ಲಿ ನಡೆದ ಉಪಾಂತ್ಯ ಪಂದ್ಯದಲ್ಲಿ ಮುಂಬಯಿಯ ತಂಡವನ್ನು ಕರ್ನಾಟಕವು ಮೊಟ್ಟಮೊದಲು ಕೆಳಗಿಳಿಸಿದ್ದು ಇದೇ ಮೊದಲ ಸರದಿಯ ಮುನ್ನಡೆಯಿಂದ. ಅದಕ್ಕೆ ಹಿಂದೆ ಹದಿನೈದು ವರುಷ ಸತತವಾಗಿ ಪಾರಿತೋಷಕವನ್ನು ಬಿಟ್ಟುಕೊಡದ ತಂಡವದು. ಅವರ ನಾಯಕರಾದ ಅಜಿತ ವಾಡೇಕರರು ಓಡುವಾಗ ಕಾಲು ಜಾರಿ ಔಟಾದರು. ಆ ಜಾರಿಕೆಯನ್ನು ಹಿಡಿದುಕೊಂಡು ಮುಂಬಯಿಯ ಗಲ್ಲಿಗಳಲ್ಲಿ ಎಷ್ಟು ರಾತ್ರಿಗಳು ಬೆಳಗಾದವೋ! ನಮ್ಮ ಕಡೆ ಆಗ ನಿಯಮವನ್ನು ಯಾರೂ ಹಳಿಯಲಿಲ್ಲ. ಮುಂದೆ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪ್ರಸನ್ನ ಅವರ ತಂಡವು ಮೊದಲನೆಯ ಪಾರಿತೋಷಕವನ್ನು ತಂದಿತು. ತಕ್ಕಡಿಯು ಅದೇ, ತೂಕದ ಕಲ್ಲುಗಳೂ ಅವೇ.

ಇಷ್ಟರ ವರೆಗಿನದೆಲ್ಲ ವಿನೋದದ ಮಾತೆಂದು ವಾಚಕರು ತೆಗೆದುಕೊಂಡರೂ ನನ್ನದೇನೂ ತಕರಾರಿಲ್ಲ. ಈಗ ಹೇಳುವದನ್ನು ಹಾಗೆ ತೆಗೆದುಕೊಳ್ಳಬಾರದೆಂದು ವಿನಂತಿ. ನನಗೆ ಪರಿಚಯವಿರುವ ಒಂದು ಮನೆಯಲ್ಲಿ ಆ ಪಂದ್ಯವನ್ನು ದೂರದರ್ಶನದ ಮುಂದೆ ಇಡೀ ಸಂಸಾರವೇ ಕುಳಿತು ನೋಡುತ್ತಿತ್ತು. ಹೊಸದಾಗಿ ಮನೆ ತುಂಬಿದ ಸೊಸೆಯು ಚಹದ ತಟ್ಟೆಯನ್ನು ಹಿಡಿದು ಒಳಗೆ ಬಂದ ಕ್ಷಣಕ್ಕೆ ಸರಿಯಾಗಿ ಒಂದು ವಿಕೆಟ್ಟು ಬಿದ್ದಿತು. "ನೀ ಬಂದಿ, ಅವ ಹೋದ" ಎಂದು ಯಾರೋ ನಕ್ಕರು. ಎಲ್ಲರೂ ನಕ್ಕರು, ಅವಳೂ ನಕ್ಕಳಂತೆ. ಸ್ವಲ್ಪ ಹೊತ್ತಿನ ಮೇಲೆ ತಟ್ಟೆಯನ್ನು ಒಯ್ಯಲು ಬಂದಾಗ ಇನ್ನೊಂದು ಬಿದ್ದಿತು. ಆಗ ಹಿರಿಯರೊಬ್ಬರು, ನಗದೆಯೇ, ಆಟ ಮುಗಿಯುವ ತನಕ ಅಡಿಗೆಮನೆಯಲ್ಲಿಯೇ ಇರು ಎಂದರು. ಅವಳು ಸಂಜೆಯ ವರೆಗೆ ಹೊರಗೆ ಬರಲಿಲ್ಲ. ಅವಳು ಒಳಗೆ ಕುಳಿತ ಮೇಲೆಯೂ ವಿಕೆಟ್ಟುಗಳು ಬೀಳುತ್ತಲೇ ಇದ್ದವು. ಆ ಲೆಕ್ಕವನ್ನು ಯಾರೂ ಇಡಲಿಲ್ಲ.

ಇದೇ ಕತ್ತೆ. ಶಾಲೆಯ ಹುಡುಗರು ನಗುತ್ತಿದ್ದ ಕತ್ತೆಯು ಇಲ್ಲಿ ನಗೆಯನ್ನು ಹುಟ್ಟಿಸುವದಿಲ್ಲ. ಕಾಗೆಯು ಕೂಡ್ರುವದಕ್ಕೂ ತಾಳೆಯ ಹಣ್ಣು ಬೀಳುವದಕ್ಕೂ ಸರಿಹೋದದ್ದನ್ನು ಕಂಡು ಕಾಗೆಯ ಮೇಲೆ ಹೊರೆ ಹೊರಿಸುವವರನ್ನು ನಮ್ಮ ಶಾಸ್ತ್ರಕಾರರು ಕಾಕತಾಲೀಯವೆಂಬ ಒಂದೇ ಶಬ್ದದಿಂದ ವಾದದ ಹೊರಗೆ ಕಳಿಸಿಬಿಟ್ಟಿದ್ದಾರೆ. ಆದರೂ ನಮ್ಮ ಮನೆಗಳಲ್ಲಿ ಕಾಲ್ಗುಣವೆಂಬ ಶಬ್ದವು ಅಳಿದಿಲ್ಲ. ಮದುವೆಯಾದ ವರುಷ ಮಾವನವರಿಗೆ ಕಾಯಿಲೆಯಾದರೆ ಸೊಸೆಯ ಕಾಲ್ಗುಣ, ಅಂಗಡಿಯ ವ್ಯಾಪಾರ ತಗ್ಗಿದರೆ ಅದೇ, ಎಮ್ಮೆ ಹಾಲು ಕಡಿಮೆ ಮಾಡಿದರೂ ಅದೇ. ಆಟದ ಮುಂದೆ ಕುಳಿತು ಒಂದೇ ಕುರ್ಚಿಯಿಂದ ಏಳದೆ ಇರುವದು, ಗೆದ್ದ ದಿನದ ಅಂಗಿಯನ್ನು ಒಗೆಯದೆ ಮತ್ತೆ ತೊಡುವದು, ಇವೆಲ್ಲ ನಿರುಪದ್ರವಿಯಾದ ಹುಚ್ಚುಗಳೆಂದು ನಾನೂ ಒಪ್ಪುತ್ತೇನೆ. ಆ ಹುಚ್ಚಿಗೆ ತನ್ನ ಕುರ್ಚಿಯೂ ತನ್ನ ಅಂಗಿಯೂ ಸಾಕು. ಬೇರೊಬ್ಬರ ಮಗಳ ಕಾಲು ಅದಕ್ಕೆ ಬೇಡ. ಆ ಹುಡುಗಿಯು ನಗುನಗುತ್ತಲೇ ಒಳಗೆ ಹೋದಳೆಂದು ಮನೆಯವರು ನನಗೆ ಹೇಳಿದರು. ಒಳಗೆ ಹೋದ ಮೇಲೆ ನಕ್ಕಳೋ ಇಲ್ಲವೋ ಎಂಬದನ್ನು ನಾನು ಕೇಳಿದೆನು. ಅದಕ್ಕೆ ಉತ್ತರ ಬರಲಿಲ್ಲ. ಆ ಮನೆಯವರು ಈ ಮಾಸಪತ್ರಿಕೆಯನ್ನು ತರಿಸುತ್ತಾರೆಂಬದು ನನಗೆ ಗೊತ್ತು.

ಸೋಲನ್ನು ಬೇರೆ ರೀತಿಯಿಂದಲೂ ಎಣಿಸಬಹುದೆಂಬದಕ್ಕೆ ಗೆದ್ದವರ ಹಿಂದಿನ ವರುಷದ ಕಥೆಯೇ ಸಾಕು. ೨೦೨೫ರ ಫೆಬ್ರುವರಿಯಲ್ಲಿ, ಪುಣೆಯಲ್ಲಿ, ಇದೇ ಜಮ್ಮು-ಕಾಶ್ಮೀರದವರು ಕೇರಳದ ಎದುರು ಆಡಿದರು. ಇವರದು ಮೊದಲ ಸರದಿಯಲ್ಲಿ ೨೮೦; ಕೇರಳದ್ದು, ಕೊನೆಯ ಜೋಡಿಯು ಪಟ್ಟು ಹಿಡಿದು ನಿಂತದ್ದರಿಂದ, ೨೮೧. ಪಂದ್ಯವು ಅನಿರ್ಣಿತವಾಯಿತು, ಒಂದೇ ಒಂದು ಓಟದ ಮುನ್ನಡೆಯಿಂದ ಕೇರಳವು ಮುಂದೆ ಹೋಯಿತು, ಇವರು ಊರಿಗೆ ಹೋದರು. ಆರು ಓಟದ ಸೋಲಿಗಿಂತಲೂ ಸಣ್ಣದು. ಶ್ರೀನಗರದ ಚಹದಂಗಡಿಗಳಲ್ಲಿ ಆ ಚಳಿಗಾಲ ಎಂಥೆಂಥ ಕತ್ತೆಗಳು ಬಂದು ನಿಂತಿದ್ದವೋ, ಊಹಿಸಬಹುದು. ಆದರೆ ಒಂದು ಓಟದಿಂದ ಸೋತ ಆ ತಂಡವು ಮುಂದಿನ ವರುಷದ ಅಂತಿಮ ಪಂದ್ಯದಲ್ಲಿ ೨೯೧ ಓಟಗಳ ಮುನ್ನಡೆಯನ್ನು ಪಡೆಯಿತು. ಎಷ್ಟು ಸಾಕೆಂದು ಕೇಳುವವರ ಲೆಕ್ಕವಲ್ಲ ಅದು. ಬುತ್ತಿಯನ್ನು ಒಮ್ಮೆ ಕಳೆದುಕೊಂಡವರ ಲೆಕ್ಕ. ಎರಡನೆಯ ಸರದಿಯಲ್ಲಿ ನಮ್ಮವರಿಗೆ ದಾಂಡನ್ನು ಕೊಡದೆ ಅವರು ದಿನವಿಡೀ ಆಡಿದ್ದು ಏಕೆಂಬದು ಈ ಸಂಗತಿಯನ್ನು ತಿಳಿದ ಮೇಲೆ ನನಗೆ ಇನ್ನೂ ಸ್ಪಷ್ಟವಾಯಿತು.

ಬಾರಾಮುಲ್ಲಾ ಎಷ್ಟು ದೂರದ ಊರು, ಅಲ್ಲಿಂದ ಬಂದವರು ಇಲ್ಲಿ ಹೀಗೆ ಆಡಬಹುದೇ ಎಂದು ಆಶ್ಚರ್ಯಪಟ್ಟವರಿಗೆ ನಮ್ಮ ಸೀಮೆಯವರೇ ಆದ ಸುನೀಲ ಜೋಶಿಯವರನ್ನು ನೆನಪು ಮಾಡಿಕೊಡಬೇಕಾಗುತ್ತದೆ. ಗದಗಿನ ಆ ಹುಡುಗನು ನಸುಕಿನಲ್ಲಿ ಎದ್ದು ಅರುವತ್ತು ಕಿಲೋಮೀಟರು ದೂರದ ಹುಬ್ಬಳ್ಳಿಗೆ ಬಂದು, ಚೆಂಡೆಸೆಯುವ ಅಭ್ಯಾಸವನ್ನು ಮಾಡಿ, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದನು. ಮುಂದೆ ಭಾರತದ ಪರವಾಗಿ ಹದಿನೈದು ಟೆಸ್ಟು ಪಂದ್ಯಗಳನ್ನು ಆಡಿದನು. ರಾಜಧಾನಿಗಳಿಂದ ದೂರವಿರುವ ಊರುಗಳಿಗೆ ಈ ಆಟದಲ್ಲಿ ಏನು ಬೇಕಾಗುತ್ತದೆಂಬದನ್ನು ನಾವು ಬೇರೆಯವರಿಂದ ಕೇಳಿ ತಿಳಿಯಬೇಕಾದ ಕಾರಣವಿಲ್ಲ. ಅಂತಿಮ ಪಂದ್ಯವು ಹುಬ್ಬಳ್ಳಿಗೆ ಬಂದದ್ದು ಈ ದೃಷ್ಟಿಯಿಂದ ಒಂದು ಲಾಭ. ಸೋಲಿನ ಗದ್ದಲದಲ್ಲಿ ಅದನ್ನು ಖಾತೆಗೆ ಹಾಕಲು ಬಹಳ ಜನರು ಮರೆತಿದ್ದಾರೆ.

ನಮ್ಮ ಓಣಿಯ ಹುಡುಗರು ಮರೆತಿಲ್ಲ. ಪರೀಕ್ಷೆಗಳು ಮುಗಿದಂದಿನಿಂದ ಪ್ರತಿದಿನ ಸಂಜೆ ಹುಣಿಸೆಯ ಮರದ ಕೆಳಗೆ ಅವರ ಪಂದ್ಯವು ನಡೆಯುತ್ತದೆ. ಮೊದಲು ಯಾರು ರಾಹುಲ್ ಆಗಬೇಕೆಂಬದಕ್ಕೆ ಜಗಳವಾಗುತ್ತಿತ್ತು. ಈಗ ಯಾರು ನಬಿ ಆಗಬೇಕೆಂಬದಕ್ಕೆ ಜಗಳ. ಒಬ್ಬನು ಬಹಳ ದೂರದಿಂದ ಓಡಿಬಂದು, ಕೊನೆಯ ಹೆಜ್ಜೆಯಲ್ಲಿ ಮಣಿಕಟ್ಟನ್ನು ಏನೋ ಒಂದು ರೀತಿ ತಿರುಗಿಸಿ ಚೆಂಡನ್ನು ಬಿಡುತ್ತಾನೆ. ಅದು ಮೂರು ಸಲಕ್ಕೆ ಎರಡು ಸಲ ಗಟಾರದಲ್ಲಿ ಹೋಗಿ ಬೀಳುತ್ತದೆ. "ನಮ್ಮನ್ನ ಸೋಲಿಸಿದವನ ಹೆಸರು ಹಿಡಕೊಂಡು ಕುಣೀತೀಯಲ್ಲೋ" ಎಂದು ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರು ಗದರಿಸಿದರು. ಅವನು ಗಟಾರದಿಂದ ಚೆಂಡನ್ನು ತೆಗೆದು, ಚೊಣ್ಣಕ್ಕೆ ಒರಸಿಕೊಂಡು, ಮೂರನೆಯದು ಸರಿಯಾಗಿ ಬಿದ್ದಿತ್ತಲ್ಲ ಅಜ್ಜಾ ಎಂದು ಹೇಳಿ ತಿರುಗಿ ಓಡಲು ಹಿಂದಕ್ಕೆ ನಡೆದನು.